ಸ್ಟೀಲ್ ಡಬ್ಬಿಯಲ್ಲಿ ಐದು ಗುಬ್ಬಿ

ನನ್ನ ಸೋದರಮಾವನ ಕಣ್ಣಿನ ಬಗ್ಗೆ ನಮ್ಮ ಮನೆಯಲ್ಲಿ ಒಂದು ಮಾತಿತ್ತು: ನಾಳೆ ಬರುವ ಬಸ್ಸಿನ ನಂಬರ್ ಅವನಿಗೆ ಇವತ್ತೇ ಕಾಣುತ್ತದೆ ಎಂದು. ಹೇಳುತ್ತಿದ್ದವಳು ನನ್ನ ಅಮ್ಮ. ತಮ್ಮನನ್ನು ಹೊಗಳುವಾಗ ಅವಳಿಗೆ ಅಳತೆ ಇರುತ್ತಿರಲಿಲ್ಲ. ಆದರೂ ಇಪ್ಪತ್ತಾರು ವರ್ಷ ಭಾರಿ ಗಾಡಿ ಓಡಿಸಿ ಒಂದು ಪಕ್ಕದ ಕನ್ನಡಿಯನ್ನೂ ಒಡೆಯದವನ ಕಣ್ಣನ್ನು ಹೊಗಳದೆ ಇನ್ನೇನನ್ನು ಹೊಗಳಬೇಕು? ಓದಿದ್ದು ಏಳನೇ ಕ್ಲಾಸು. ಅವನ ಆಸ್ತಿ ಎಂದರೆ ಆ ಎರಡು ಕಣ್ಣು, ಮತ್ತು ಅವುಗಳ ದೆಸೆಯಿಂದ ಸಿಕ್ಕ ಲೈಸೆನ್ಸು. ಆ ಲೈಸೆನ್ಸು ಈ ವರ್ಷ ನವೀಕರಣಕ್ಕೆ ಬಂದಿತ್ತು. ಕಣ್ಣಿನ ಪರೀಕ್ಷೆಗೆ ಒಂದು ತಿಂಗಳಿತ್ತು.

ನಾವಿಬ್ಬರೂ ಒಂದೇ ಗಾಡಿಯಲ್ಲಿ ದುಡಿಯುತ್ತಿದ್ದೆವು. ಟೀವಿ ಚಾನೆಲ್ಲಿನ ಓಬಿ ವ್ಯಾನು. ನೆತ್ತಿಯ ಮೇಲೆ ಆಳೆತ್ತರದ ಬಿಳಿ ಡಿಶ್ ಹೊತ್ತ ಆರು ಟನ್ನಿನ ಗಾಡಿ. ಮಾವ ಮುಂದೆ ಕೂತು ಅದನ್ನು ಓಡಿಸುವವನು. ನಾನು ಹಿಂದಿನ ಕೋಣೆಯಲ್ಲಿ ಕೂತು, ಕ್ಯಾಮೆರಾದಿಂದ ಬಂದ ಚಿತ್ರವನ್ನು ಆ ಡಿಶ್ಶಿನಿಂದ ಉಪಗ್ರಹಕ್ಕೆ ಎಸೆಯುವ ಇಂಜಿನಿಯರು.

"ನಿಂದು ಆಕಾಶದ ಡ್ರೈವಿಂಗು, ನಂದು ನೆಲದ್ದು. ಗುಂಡಿಗಳೆಲ್ಲ ನನ್ನ ಪಾಲಿಗೆ" ಎನ್ನುತ್ತಿದ್ದ ಮಾವ.

ಆಕಾಶದ ದಾರಿಯಲ್ಲಿ ಗುಂಡಿ ಇಲ್ಲದಿರಬಹುದು, ಆದರೆ ದಾರಿಗೆ ಅಡ್ಡ ಬಂದವರಿಗೆ ಅದು ಒಳ್ಳೆಯದಲ್ಲ. ಡಿಶ್ಶಿನಿಂದ ಹೊರಡುವ ಅಲೆ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಸದ್ದಿಲ್ಲ, ವಾಸನೆಯಿಲ್ಲ. ಎದುರು ನಿಂತವನ ಮೈ ಕಾಯುತ್ತದೆ, ಅಷ್ಟೆ. ಚರ್ಮ ಸುಟ್ಟರೆ ಉರಿಯುತ್ತದೆ, ಮನುಷ್ಯ ಹೌಹಾರಿ ಓಡುತ್ತಾನೆ. ಆದರೆ ಕಣ್ಣಿನೊಳಗಿನ ಮಸೂರಕ್ಕೆ ಬಿಸಿ ಹೊತ್ತೊಯ್ಯಲು ರಕ್ತನಾಳವಿಲ್ಲ, ನೋವು ಹೇಳಲು ನರವೂ ಇಲ್ಲ. ಅದು ಸುಮ್ಮನೆ ಬೇಯುತ್ತದೆ, ಮೊಟ್ಟೆಯ ಲೋಳೆ ಬೆಳ್ಳಗಾಗುವ ಹಾಗೆ.

ಇದೆಲ್ಲ ನನಗೆ ಬಾಯಿಪಾಠ. ಹಾಗಾಗಿ ಡಿಶ್ಶಿನ ವಿಷಯದಲ್ಲಿ ನಾನು ಚಂಡಿ. ಗಾಡಿ ನಿಲ್ಲಿಸುವ ಮೊದಲು ಎದುರಿನ ಕಟ್ಟಡ ಎಷ್ಟು ಎತ್ತರವಿದೆ, ಯಾರ ಬಾಲ್ಕನಿ ಎಲ್ಲಿದೆ ಎಂದು ಹೆಜ್ಜೆ ಹಾಕಿ ಅಳೆಯುತ್ತಿದ್ದೆ. ಸುತ್ತ ಕೆಂಪು ಹಗ್ಗ ಕಟ್ಟಿಸುತ್ತಿದ್ದೆ. ಗಾಡಿಯ ನೆತ್ತಿಗೆ ಹತ್ತುವ ಏಣಿಗೆ ಬೀಗ ಹಾಕಿ ಕೀಲಿಯನ್ನು ಕೊರಳಲ್ಲಿ ನೇತುಹಾಕಿಕೊಳ್ಳುತ್ತಿದ್ದೆ. ಬೆನ್ನ ಹಿಂದೆ ನನ್ನನ್ನು ಪೊಲೀಸಮ್ಮ ಎನ್ನುತ್ತಿದ್ದರು. ಎದುರಿಗೂ ಅಂದಿದ್ದರೆ ಖುಷಿಯೇ ಆಗುತ್ತಿತ್ತು.

ಇನ್ನು ಗುಬ್ಬಿ. ಅಂಗಿಗೆ ಸಿಕ್ಕಿಸಿಕೊಳ್ಳುವ, ಬೆಂಕಿಪೊಟ್ಟಣದಷ್ಟಿರುವ ಕಪ್ಪು ಮೀಟರು ಅದು. ಸುತ್ತಲಿನ ಅಲೆ ಮಿತಿ ಮೀರಿದರೆ ಚಿಲಿಪಿಲಿ ಎನ್ನುತ್ತದೆ. ಯಾವ ಹೊತ್ತಿನಲ್ಲಿ ಎಷ್ಟಿತ್ತು ಎಂಬುದನ್ನು ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ. ಗಾಡಿಯಲ್ಲಿ ಐವರು, ಗುಬ್ಬಿಗಳೂ ಐದು: ನನಗೆ, ಮಾವನಿಗೆ, ಕ್ಯಾಮೆರಾದವನಿಗೆ, ಕೇಬಲ್ಲಿನವನಿಗೆ, ವರದಿಗಾರ್ತಿಗೆ. ಗುಬ್ಬಿ ಕೂಗಿದರೆ ತಕ್ಷಣ ಸಿಗ್ನಲ್ ಕತ್ತರಿಸಬೇಕು, ಮೂರು ಪುಟದ ಫಾರ್ಮ್ ತುಂಬಬೇಕು. ನಿಯಮ ಹಾಗೆ.

ಹೋದ ವರ್ಷ ಒಂದು ದೊಡ್ಡ ನೇರಪ್ರಸಾರದ ನಟ್ಟನಡುವೆ ಕ್ಯಾಮೆರಾದವನ ಗುಬ್ಬಿ ಕೂಗಿತು. ನಾನು ಕತ್ತರಿಸಿದೆ. ನಲವತ್ತು ಸೆಕೆಂಡು ಪರದೆ ಕಪ್ಪಾಯಿತು. ಆಮೇಲೆ ನೋಡಿದರೆ ಅವನ ಎದೆಯ ಜೇಬಿನಲ್ಲಿದ್ದ ವಾಕಿಟಾಕಿಗೇ ಅದು ಬೆದರಿತ್ತು. ಅವತ್ತು ಸಂಪಾದಕರು ಫೋನಿನಲ್ಲಿ ನನಗೆ ಅಂದದ್ದನ್ನು ಅಚ್ಚಿನಲ್ಲಿ ಹಾಕಲಾಗುವುದಿಲ್ಲ. ಮರುದಿನ ನಾನು ಐದೂ ಗುಬ್ಬಿಗಳನ್ನು ಒಟ್ಟು ಮಾಡಿ ಮಾವನ ಕೈಗೆ ಕೊಟ್ಟೆ. ಆಫ್ ಮಾಡುವಂತಿರಲಿಲ್ಲ, ಅವು ಎಷ್ಟು ಗಂಟೆ ಚಾಲೂ ಇದ್ದವು ಎಂದು ಆಫೀಸಿನವರು ತಿಂಗಳಿಗೊಮ್ಮೆ ನೋಡುತ್ತಿದ್ದರು. ಅವರು ನೋಡುತ್ತಿದ್ದುದೂ ಅಷ್ಟನ್ನೇ.

"ನಿನ್ನ ಕ್ಯಾಬಿನ್ ಡಿಶ್ಶಿಗೆ ಬೆನ್ನು ಹಾಕಿದೆ ಮಾವ. ಅಲ್ಲಿ ಏನೂ ಬರಲ್ಲ. ಇವು ನಿನ್ನ ಹತ್ರಾನೇ ಇರಲಿ."

ಮಾವ ಐದನ್ನೂ ಅಂಗಿಗೆ ಸಾಲಾಗಿ ಸಿಕ್ಕಿಸಿಕೊಂಡು ಎದೆ ಉಬ್ಬಿಸಿದ. "ನೋಡೆ, ಯುದ್ಧಾನೇ ಮಾಡದೆ ಐದು ಪದಕ."

ಎಲ್ಲರೂ ನಕ್ಕೆವು. ಅದೇ ನಮ್ಮ ಗಾಡಿಯ ಪದ್ಧತಿಯಾಯಿತು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಶಾಲೆಯಲ್ಲಿ ನಾನು ವಿಸ್ತರಿಸಿ ಬರೆದಿದ್ದೆ; ಹತ್ತಕ್ಕೆ ಎಂಟು ಅಂಕ ಬಂದಿತ್ತು.

ಈ ಸಲ ನಮ್ಮನ್ನು ಒಂದು ಆಸ್ಪತ್ರೆಯ ಮುಂದೆ ನಿಲ್ಲಿಸಿದ್ದರು. ಒಬ್ಬ ದೊಡ್ಡ ಮನುಷ್ಯ ನಾಲ್ಕನೇ ಮಹಡಿಯಲ್ಲಿ ಮಲಗಿದ್ದ. ಇವತ್ತು ಹೋಗುತ್ತಾನೆ, ನಾಳೆ ಹೋಗುತ್ತಾನೆ ಎಂದು ಹತ್ತು ಚಾನೆಲ್ಲುಗಳ ಗಾಡಿಗಳು ರಸ್ತೆಯುದ್ದಕ್ಕೂ ಆಕಾಶಕ್ಕೆ ಬಾಯಿ ತೆರೆದು ನಿಂತಿದ್ದವು. ಒಂದು ಸೆಕೆಂಡೂ ತಪ್ಪಬಾರದೆಂದು ನಮ್ಮ ಸಿಗ್ನಲ್ಲನ್ನು ಬೆಳಗಿನಿಂದ ಸಂಜೆಯವರೆಗೆ ಚಾಲೂ ಇಡಬೇಕೆಂದು ಹುಕುಂ ಆಗಿತ್ತು. ಲಾಗ್ ಪುಸ್ತಕದಲ್ಲಿ ನನ್ನದೇ ಅಕ್ಷರದಲ್ಲಿ, ಎರಡು ನಿಮಿಷ ಆಚೀಚೆ, ದಿನವೂ ಒಂದೇ ಸಾಲು: 6:05, ಸಿಗ್ನಲ್ ಆನ್. 19:40, ಸಿಗ್ನಲ್ ಆಫ್.

ಮಾವನಿಗೆ ಕೆಲಸವಿರಲಿಲ್ಲ. ಡ್ರೈವರ್ ಸೀಟಿನ ಹಿಂದೆ, ಕ್ಯಾಬಿನ್ನಿಗೂ ನನ್ನ ಕೋಣೆಗೂ ನಡುವೆ, ಒಂದು ಪ್ಲೈವುಡ್ ಗೋಡೆ. ಅದಕ್ಕೆ ಒತ್ತಿಕೊಂಡಂತೆ ಒಬ್ಬರು ಮಲಗುವಷ್ಟು ಹಲಗೆ. ಬಿಸಿಲು ಕಣ್ಣಿಗೆ ಹೊಡೆಯಬಾರದೆಂದು ಗೋಡೆಯ ಕಡೆ ಮುಖ ಮಾಡಿ ಮಲಗುವುದು ಅವನ ರೂಢಿ. ಗೋಡೆಯ ಈಚೆ, ನನ್ನ ಕಡೆ, ಪವರ್ ಆಂಪ್ಲಿಫೈಯರ್ ಇರುವ ಉಕ್ಕಿನ ಬೀರು. ಬೀರುವಿನ ಬೆನ್ನಿಗೆ, ಆಂಪ್ಲಿಫೈಯರಿನ ಶಕ್ತಿಯನ್ನು ಡಿಶ್ಶಿಗೆ ಒಯ್ಯುವ ಅಲ್ಯೂಮಿನಿಯಂ ಕೊಳವೆ. ಆ ಕೊಳವೆ ಗಾಡಿ ಕಟ್ಟಿದ ದಿನದಿಂದ ಅಲ್ಲೇ ಇತ್ತು. ಅದನ್ನು ಯಾರೂ ತಿರುಗಿ ನೋಡಿರಲಿಲ್ಲ.

ಮೊದಲ ದಿನವೇ ಕಂಪನಿಯ ಸುರಕ್ಷತಾ ತಪಾಸಣೆಯವರು ಬಂದರು. ಕೈಯಲ್ಲಿ ಮೀಟರು ಹಿಡಿದು ಪಾಠ ಮಾಡುವ ಅವರಿಗೆ ಮೀಟರ್ ಮೇಷ್ಟ್ರು ಎಂದೇ ಹೆಸರು. ಹಗ್ಗದ ಸುತ್ತ, ಡಿಶ್ಶಿನ ಕೆಳಗೆ, ನನ್ನ ಕುರ್ಚಿಯ ಹತ್ತಿರ ಅಳೆದರು. ಕ್ಯಾಬಿನ್ನಿನ ಬಾಗಿಲು ತೆಗೆದರೆ ಮಾವ ಗೊರಕೆ ಹೊಡೆಯುತ್ತಿದ್ದ.

"ಎಬ್ಬಿಸೋದು ಬೇಡ ಬಿಡಿ. ಇಲ್ಲೇನೂ ಇರಲ್ಲ" ಎಂದು ಸಹಿ ಹಾಕಿದರು.

"ನಿಮ್ಮ ಹಾಗೆ ಹಗ್ಗ ಕಟ್ಟೋರು ಇನ್ನೊಬ್ಬರಿಲ್ಲಮ್ಮ" ಎಂದೂ ಸೇರಿಸಿದರು. ನಾನು ಉಬ್ಬಿದೆ.

ಎರಡನೇ ದಿನ ಕಂಟ್ರೋಲ್ ರೂಮಿನವನು ಇಯರ್‌ಫೋನಿನಲ್ಲಿ ಹೇಳಿದ: "ನಿಮ್ಮ ಸಿಗ್ನಲ್ ಸೊರಗಿದೆ ಮೇಡಂ. ಇನ್ನೊಂದು ಚೂರು ಏರಿಸಿ."

ಏರಿಸಿದೆ. ಇದು ಹೊಸದಲ್ಲ. ನಾಲ್ಕು ತಿಂಗಳಿನಿಂದ ಅವನದು ಇದೇ ರಾಗ, ನನ್ನದು ಇದೇ ತಾಳ. ಕೊಟ್ಟಷ್ಟು ಮೇಲೆ ತಲುಪುತ್ತಿಲ್ಲ ಎಂದರೆ ನಡುವೆ ಎಲ್ಲೋ ಹೋಗುತ್ತಿರಬೇಕು ಎಂಬುದು ಒಂದನೇ ಕ್ಲಾಸಿನ ಲೆಕ್ಕ. ಅದು ನನಗೆ ಹೊಳೆಯಲಿಲ್ಲ. ಡಿಶ್ ಹಳೆಯದಾಯಿತು, ಧೂಳು ಕೂತಿದೆ ಎಂದುಕೊಂಡು ಗುಂಡಿ ತಿರುಗಿಸುತ್ತ ಹೋದೆ. ನಾಲ್ಕನೇ ದಿನ ಇನ್ನೊಂದು ಚೂರು. ಏಳನೇ ದಿನ ಇನ್ನೊಂದು.

ಗಾಳಿ ಕೊರೆಯುತ್ತಿದ್ದ ದಿನಗಳು. ಆರನೇ ದಿನವೋ ಏನೋ, ಮಾವ ಚಹಾದ ಲೋಟ ಹಿಡಿದು ಬಂದು ಹೇಳಿದ: "ಆ ಗೋಡೆ ಹತ್ರ ಮಲಗಿದ್ರೆ ಮುಖ ಹಿತವಾಗಿ ಬೆಚ್ಚಗಾಗುತ್ತೆ ಕಣೆ. ಕಂಬಳೀನೇ ಬೇಡ. ನಿನ್ನ ಮೆಷಿನ್ ಬಿಸಿ ಇರಬೇಕು."

"ಹೌದು ಮಾವ, ಆಂಪ್ಲಿಫೈಯರ್ ಕಾಯುತ್ತೆ."

"ಆದ್ರೆ ತಮಾಷೆ ನೋಡು. ಗೋಡೆ ಮುಟ್ಟಿದ್ರೆ ತಣ್ಣಗಿರುತ್ತೆ. ಬರೀ ಮುಖ ಬೆಚ್ಚಗೆ."

ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ನಾಲ್ಕನೇ ಮಹಡಿಯ ಕಿಟಕಿಯಲ್ಲಿ ಯಾರೋ ಕರ್ಟನ್ ಸರಿಸಿದಂತಿತ್ತು. ಗೋಡೆ ತಣ್ಣಗೆ, ಮುಖ ಬೆಚ್ಚಗೆ. ಈ ಮಾತನ್ನು ಬೇರೆ ಯಾವ ಗಾಡಿಯ ಡ್ರೈವರ್ ಹೇಳಿದ್ದರೂ ನಾನು ಚಂಗನೆ ಎದ್ದು ಅವನನ್ನು ರಸ್ತೆಗೆ ಎಳೆಯುತ್ತಿದ್ದೆ. ಮಾವನ ಮಾತನ್ನು ಕೇಳಿ ಕೇಳಿ ನನ್ನ ಕಿವಿ ಜಡ್ಡುಗಟ್ಟಿತ್ತು.

"ಗುಬ್ಬಿಗಳು ಏನಂತವೆ?" ಎಂದು ಕೇಳಿದ್ದೂ ನೆನಪಿದೆ.

"ತೆಪ್ಪಗಿವೆ ಬಿಡು" ಎಂದ. ಹೇಗೆ ಎಂದು ನಾನು ಕೇಳಲಿಲ್ಲ.

ಲೈಸೆನ್ಸ್ ಪರೀಕ್ಷೆಗೆ ಅಭ್ಯಾಸ ಎಂದು ಮಾವ ದಿನವೂ ಒಂದು ಆಟ ಆಡುತ್ತಿದ್ದ. ಡ್ರೈವರ್ ಸೀಟಿನಲ್ಲಿ ಕೂತು, ರಸ್ತೆಯಾಚೆ ಆಸ್ಪತ್ರೆಯ ಗೇಟಿನ ಮೇಲಿದ್ದ ಬೋರ್ಡನ್ನು ದೊಡ್ಡ ದನಿಯಲ್ಲಿ ಓದುತ್ತಿದ್ದ. "ರೋಗಿಗಳ ಭೇಟಿಯ ಸಮಯ ಸಂಜೆ ನಾಲ್ಕರಿಂದ ಆರು. ಮಕ್ಕಳಿಗೆ ಪ್ರವೇಶವಿಲ್ಲ." ಕ್ಯಾಮೆರಾದವನು ಕನ್ನಡಕ ಒರೆಸಿಕೊಂಡು ಬೈದುಕೊಳ್ಳುತ್ತಿದ್ದ, ಅವನಿಗೆ ಬೋರ್ಡಿನ ಬಣ್ಣ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಹದಿಮೂರನೇ ದಿನ ಬೆಳಿಗ್ಗೆ ನಾನು ಚಹಾ ತೆಗೆದುಕೊಂಡು ಕ್ಯಾಬಿನ್ನಿನ ಬಾಗಿಲಿಗೆ ಹೋದೆ. ಮಾವ ಹಲಗೆಯಿಂದೆದ್ದು ಸೀಟಿಗೆ ಬಂದು, ಕಣ್ಣುಜ್ಜಿಕೊಂಡು, ಗಂಟಲು ಸರಿಮಾಡಿಕೊಂಡು ಓದಿದ: "ರೋಗಿಗಳ ಭೇಟಿಯ ಸಮಯ ಸಂಜೆ ನಾಲ್ಕರಿಂದ ಆರು. ಮಕ್ಕಳಿಗೆ ಪ್ರವೇಶವಿಲ್ಲ."

ನಾನು ಗೇಟಿನ ಕಡೆ ನೋಡಿದೆ. ಜನಜಂಗುಳಿ ತಡೆಯಲಾಗದೆ ಆಸ್ಪತ್ರೆಯವರು ಹಿಂದಿನ ದಿನವೇ ಆ ಬೋರ್ಡನ್ನು ತೆಗೆಸಿದ್ದರು. ಈಗ ಅಲ್ಲಿದ್ದುದು ಹಳದಿ ಬಟ್ಟೆಯ ಮೇಲೆ ಮೊಳದುದ್ದದ ಎರಡೇ ಪದ: ಭೇಟಿ ಇಲ್ಲ.

ತಮಾಷೆ ಮಾಡುತ್ತಿದ್ದಾನೇನೋ ಎಂದು ಒಂದು ಕ್ಷಣ ಕಾದೆ. ಅವನು ನನ್ನ ಮೆಚ್ಚುಗೆಗೆ ಕಾಯುತ್ತಿದ್ದ.

"ಮಾವ, ಮೂರನೇ ಮಹಡಿ ಕಿಟಕೀಲಿ ನರ್ಸ್ ನಿಂತಿದಾಳಲ್ಲ, ಅವಳ ಕೈಲೇನಿದೆ?"

ಅಲ್ಲಿ ಯಾವ ನರ್ಸೂ ಇರಲಿಲ್ಲ. ಮಾವ ಹುಬ್ಬು ಗಂಟಿಕ್ಕಿ ಆ ಕಡೆ ನೋಡಿದ. "ಟ್ರೇ" ಎಂದ.

ಚಹಾದ ಲೋಟವನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟೆ. "ಯಾವಾಗಿಂದ ಮಾವ?"

ಅವನು ಸ್ಟಿಯರಿಂಗ್ ಚಕ್ರವನ್ನು ಅಂಗೈಯಿಂದ ಒರೆಸಿದ. ಆಮೇಲೆ ಮಕ್ಕಳು ತಪ್ಪೊಪ್ಪಿಕೊಳ್ಳುವ ದನಿಯಲ್ಲಿ ಹೇಳಿದ: "ಸ್ವಲ್ಪ ಮಂಜು, ಅಷ್ಟೆ. ದೀಪದ ಸುತ್ತ ಬಳೆ ಬಳೆ ಕಾಣುತ್ತೆ. ವಯಸ್ಸಾಯ್ತಲ್ಲ. ನಿಮ್ಮಮ್ಮಂಗೆ ಹೇಳಬೇಡ, ಟೆಸ್ಟ್ ಮುಗೀಲಿ."

ಗೋಡೆ ತಣ್ಣಗೆ, ಮುಖ ಬೆಚ್ಚಗೆ. ಮೊದಲ ಸಲ ಆ ಮಾತು ನನ್ನ ಕಿವಿಗೆ ಬಿತ್ತು. "ಗುಬ್ಬಿಗಳೆಲ್ಲಿ?" ಎಂದು ಕೂಗಿದೆ. ಅವನ ಅಂಗಿಯ ಮೇಲೆ ಒಂದೂ ಇರಲಿಲ್ಲ.

"ಡಬ್ಬೀಲಿವೆ."

"ಯಾವ ಡಬ್ಬಿ?"

ಹಲಗೆಯ ಕೆಳಗಿನಿಂದ ತನ್ನ ಊಟದ ಸ್ಟೀಲ್ ಡಬ್ಬಿ ತೆಗೆದ. ಮುಚ್ಚಳಕ್ಕೆ ಕೊಂಡಿ ಇರುವ, ಅತ್ತೆ ಕೊಡಿಸಿದ ಡಬ್ಬಿ. "ಬಾಯಿ ಮುಚ್ಚೋದೇ ಇಲ್ಲ ಅಂತಾವೆ ಕಣೆ. ಎದೆ ಮೇಲೆ ಐದೂ ಒಟ್ಟಿಗೆ ಕಿರುಚಿದ್ರೆ ನಿದ್ದೆ ಎಲ್ಲಿ ಬರುತ್ತೆ? ಒಂದ್ಸಲ ಇದರಲ್ಲಿ ಹಾಕಿ ಕೊಂಡಿ ಹಾಕ್ದೆ. ತಕ್ಷಣ ಸುಮ್ಮನಾದ್ವು. ಅವತ್ತಿಂದ ಇದೇ ಗೂಡು."

ಸುಮ್ಮನಾಗದೆ ಇನ್ನೇನು? ಆ ಅಲೆ ಪ್ಲೈವುಡ್ಡನ್ನು ದಾಟುತ್ತದೆ, ಉಕ್ಕನ್ನು ದಾಟುವುದಿಲ್ಲ. ಗುಬ್ಬಿಗಳಿಗೆ ಉಕ್ಕಿನ ಗೋಡೆ ಕಟ್ಟಿ, ತಾನು ಪ್ಲೈವುಡ್ ಗೋಡೆಗೆ ಮುಖ ಕೊಟ್ಟು ಮಲಗಿದ್ದ.

ನಾನು ಕೊಂಡಿ ತೆಗೆದೆ. ಹಿಂದಿನ ಕೋಣೆಯಲ್ಲಿ ಸಿಗ್ನಲ್ ಚಾಲೂ ಇತ್ತು. ವರದಿಗಾರ್ತಿ ಗೇಟಿನ ಮುಂದೆ ನಿಂತು ಮಾತಾಡುತ್ತಿದ್ದಳು. ಮುಚ್ಚಳ ಎದ್ದದ್ದೇ ತಡ, ಐದೂ ಒಟ್ಟಿಗೆ ಕೂಗಿದವು. ಒಂದನ್ನು ಕೈಗೆತ್ತಿಕೊಂಡು ಹಲಗೆಯ ಕಡೆ ಚಾಚಿದೆ. ತಲೆದಿಂಬಿನ ಮೇಲೆ, ಅವನ ಮುಖ ಇರುವ ಜಾಗದಲ್ಲಿ, ಚಿಲಿಪಿಲಿ ನಿಂತು ಒಂದೇ ಎಳೆಯ ಚೀರಾಟವಾಯಿತು.

ಮಾವನ ರಟ್ಟೆ ಹಿಡಿದು ರಸ್ತೆಗೆ ಎಳೆದೆ. ಓಡಿಹೋಗಿ ಸಿಗ್ನಲ್ ಕತ್ತರಿಸಿದೆ. ಪರದೆ ಕಪ್ಪಾಯಿತು. ಇಯರ್‌ಫೋನಿನಲ್ಲಿ ಯಾರ್ಯಾರೋ ಕಿರುಚಿದರು. ನಾನು ಅದನ್ನು ಕಿತ್ತು ನೆಲಕ್ಕೆ ಹಾಕಿ ಅಲ್ಲೇ ಕೂತು ಅಳತೊಡಗಿದೆ. ಮಾವ ಬಂದು ಬಾಗಿಲಲ್ಲಿ ನಿಂತ.

"ಕೂಗಿದ್ದು ಯಾಕೆ ಹೇಳಲಿಲ್ಲ ಮಾವ? ಒಂದು ಮಾತು ಹೇಳಬಾರದಿತ್ತಾ?"

"ನೀನೇ ಅಂದಿದ್ಯಲ್ಲ, ಅಲ್ಲೇನೂ ಬರಲ್ಲ ಅಂತ. ಸುಮ್ಮಸುಮ್ಮನೆ ಕೂಗ್ತಾವೆ ಅಂದ್ಕೊಂಡೆ. ಹೇಳಿದ್ರೆ ನೀನು ಮೆಷಿನ್ ನಿಲ್ಲಿಸ್ತೀಯ, ಮತ್ತೆ ಆ ಸಂಪಾದಕ ನಿನ್ನ ಅಳಿಸ್ತಾನೆ." ನನ್ನ ಕಡೆ ಬಾಗಿ ಕೇಳಿದ: "ಈಗಲೂ ಅಳಿಸಿದ್ನಾ?"

ಮೀಟರ್ ಮೇಷ್ಟ್ರು ಮಧ್ಯಾಹ್ನ ಬಂದು ಬೀರುವನ್ನು ಸರಿಸಿದರು. ಕೊಳವೆಯ ಎರಡು ತುಂಡು ಸೇರುವ ಕಡೆ ಕೂದಲೆಳೆಯಷ್ಟು ಬಿರುಕು. ಅದು ನೇರ ಪ್ಲೈವುಡ್ಡಿಗೆ, ಪ್ಲೈವುಡ್ಡಿನಾಚೆಯ ತಲೆದಿಂಬಿಗೆ ಮುಖ ಮಾಡಿತ್ತು. ನಾನು ಏರಿಸಿದ ಒಂದೊಂದು ಚೂರೂ ಆ ಬಿರುಕಿನಿಂದ ಸೋರಿತ್ತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಅವರು ಗಾಡಿಯ ಸುತ್ತ ಇನ್ನೊಂದು ಸುತ್ತು ಹಗ್ಗ ಕಟ್ಟಿಸಿದರು.

ಆಮೇಲೆ ಗುಬ್ಬಿಗಳನ್ನು ಕಂಪ್ಯೂಟರಿಗೆ ಜೋಡಿಸಿದರು. ನಾಲ್ಕು ತಿಂಗಳ ಹಿಂದೆ, ನಾವು ಒಂದು ಕೆಟ್ಟ ಕಲ್ಲುದಾರಿ ಬಳಸಿ ಬಂದ ಮರುದಿನ, ಐದರಲ್ಲೂ ಗೆರೆ ಗುಡ್ಡದ ಹಾಗೆ ಎದ್ದಿತ್ತು. ಹೊತ್ತು ನೋಡಿದೆ. ನನ್ನ ಲಾಗ್ ಪುಸ್ತಕದ ಹೊತ್ತೇ. ನಾನು 'ಆನ್' ಎಂದು ಬರೆದಲ್ಲಿ ಗೆರೆ ಎದ್ದಿತ್ತು, 'ಆಫ್' ಎಂದು ಬರೆದಲ್ಲಿ ಬಿದ್ದಿತ್ತು. ಹೀಗೆ ಮೂರು ದಿನ. ನಾಲ್ಕನೇ ದಿನದಿಂದ ಸೊನ್ನೆ. ಅಲ್ಲಿಂದ ನಾನು ಮುಚ್ಚಳ ತೆಗೆದ ಬೆಳಗಿನವರೆಗೂ ಸೊನ್ನೆ.

"ಮೂರು ದಿನದ್ದು ಮಾತ್ರ ದಾಖಲೆ ಇದೆ" ಎಂದರು ಮೇಷ್ಟ್ರು, ನನ್ನ ಮುಖ ನೋಡದೆ. "ಮೂರು ದಿನಕ್ಕೆ ಕಣ್ಣು ಹೋಗುತ್ತೆ ಅಂತ ಯಾರೂ ಒಪ್ಪಲ್ಲಮ್ಮ. ಉಳಿದದ್ದಕ್ಕೆ ಸಾಕ್ಷಿ ಎಲ್ಲಿದೆ?"

ಕಂಪನಿಯವರು ವರದಿ ಬರೆದುಕೊಂಡರು. ಬಿರುಕು ಸರಿಪಡಿಸಲಾಗಿದೆ, ಚಾಲಕನಿಗೆ ಬೇರೆ ಗಾಡಿ ಕೊಡಲಾಗುವುದು. ನಾಲ್ಕನೇ ಮಹಡಿಯ ದೊಡ್ಡ ಮನುಷ್ಯ ನಾಲ್ಕು ದಿನ ಬಿಟ್ಟು ನಡೆದುಕೊಂಡೇ ಮನೆಗೆ ಹೋದ.

ಕಣ್ಣಿನ ಆಸ್ಪತ್ರೆಗೆ ಬಾ ಎಂದರೆ ಮಾವ ಸುತರಾಂ ಒಪ್ಪಲಿಲ್ಲ. "ಡಾಕ್ಟರ್ ನೋಡಿದ್ರೆ ಬರೆದುಬಿಡ್ತಾರೆ. ಮೊದಲು ಲೈಸೆನ್ಸ್ ಆಗ್ಲಿ, ಆಮೇಲೆ ನೀನು ಹೇಳಿದ ಕಡೆ ಬರ್ತೀನಿ." ಅಮ್ಮ ಅತ್ತಳು, ಅತ್ತೆ ಎರಡು ದಿನ ಮಾತು ಬಿಟ್ಟಳು. ಅವನು ಜಗ್ಗಲಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು ಓಡಾಡುತ್ತಿದ್ದ, ಆದರೂ ಜಗ್ಗಲಿಲ್ಲ.

ಪರೀಕ್ಷೆಯ ದಿನ ಅವನ ಜತೆ ಹೋದವಳು ನಾನು. ಉದ್ದನೆಯ ಕಾರಿಡಾರು, ಗೋಡೆಗೆ ಬೆಂಚು, ಕೊನೆಯಲ್ಲಿ ಡಾಕ್ಟರ ಕೋಣೆ. ಬಾಗಿಲು ತೆರೆದಿತ್ತು. ಒಳಗಿನ ಗೋಡೆಯ ಮೇಲೆ ಅಂಕಿಗಳ ಪಟ್ಟಿ. ಮೇಲೆ ದೊಡ್ಡವು, ಕೆಳಗೆ ಬರುತ್ತ ಚಿಕ್ಕವು. ಬೆಂಚಿನಿಂದ ನನಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು.

ಮಾವ ನನ್ನ ಕಿವಿಯ ಹತ್ತಿರ ಬಾಗಿದ. "ಒಂದ್ಸಲ ಆ ಪಟ್ಟಿ ಓದಿ ಹೇಳೆ. ಕೊನೇ ಮೂರು ಸಾಲು. ಬಾಯಿಪಾಠ ಮಾಡ್ಕೋತೀನಿ."

ನಾನು ಅವನನ್ನು ನೋಡಿದೆ. ಕಪ್ಪು ಗುಡ್ಡೆಯ ನಡುವೆ ಹಾಲಿನ ಹನಿ ಬಿದ್ದಂತೆ ಬೆಳ್ಳಗಿತ್ತು. ಆ ಕಣ್ಣು ಚಿಕ್ಕಂದಿನಲ್ಲಿ ಅವನ ಹೆಗಲ ಮೇಲೆ ಕೂತ ನನಗೆ ಜಾತ್ರೆಯ ಜನರ ನಡುವೆಯೂ ಅಮ್ಮನನ್ನು ಹುಡುಕಿಕೊಡುತ್ತಿತ್ತು. ಈಗ ಅದು ಆರು ಟನ್ನಿನ ಇನ್ನೊಂದು ಗಾಡಿಯನ್ನು ಶಾಲೆ ಬಿಡುವ ಹೊತ್ತಿಗೆ ರಸ್ತೆಗೆ ಇಳಿಸಲು ಹೊರಟಿತ್ತು.

"ಹೇಳೆ, ಕರೀತಾರೆ. ನಿನ್ನ ಬಿಟ್ಟರೆ ಯಾರನ್ನ ಕೇಳಲಿ?"

ಹೇಳಿದೆ. ಪಟ್ಟಿಯ ಕಡೆ ಕಣ್ಣಿಟ್ಟೇ ಹೇಳಿದೆ. ಪಟ್ಟಿಯಲ್ಲಿದ್ದ ಒಂದು ಅಂಕಿಯನ್ನೂ ಹೇಳಲಿಲ್ಲ. ಬಾಯಿಗೆ ಬಂದದ್ದು ಲಾಗ್ ಪುಸ್ತಕದ ಅಂಕಿಗಳು. "ಆರು, ಸೊನ್ನೆ, ಐದು. ಒಂದು, ಒಂಬತ್ತು, ನಾಲ್ಕು, ಸೊನ್ನೆ. ಆರು, ಸೊನ್ನೆ, ಏಳು."

ಅವನು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತ ಮೂರು ಸಲ ಹೇಳಿಕೊಂಡ. ಹೆಸರು ಕರೆದರು. ಗೋಡೆಗೆ ಕೈ ತಾಗಿಸುತ್ತ ಒಳಗೆ ಹೋಗಿ, ಕುರ್ಚಿಯಲ್ಲಿ ಕೂತು, ಆಸ್ಪತ್ರೆಯ ಬೋರ್ಡು ಓದುತ್ತಿದ್ದ ಅದೇ ದೊಡ್ಡ ದನಿಯಲ್ಲಿ ಶುರುಮಾಡಿದ. ಡಾಕ್ಟರು ಇನ್ನೂ ಯಾವ ಸಾಲು ಎಂದೂ ಕೇಳಿರಲಿಲ್ಲ. "ಆರು, ಸೊನ್ನೆ, ಐದು. ಒಂದು, ಒಂಬತ್ತು, ನಾಲ್ಕು, ಸೊನ್ನೆ."

ಡಾಕ್ಟರ ಪೆನ್ನು ನಿಂತಿತು. ಎದ್ದು ಬಂದು ಟಾರ್ಚು ಹಿಡಿದು ಅವನ ಕಣ್ಣಿನೊಳಗೆ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಹೋಗಿ ಕೂತು ಬರೆಯತೊಡಗಿದರು. ಒಂದು ಪುಟ ತುಂಬಿ ಎರಡನೆಯದಕ್ಕೆ ಹೋದರು. ಅವನ ಕಣ್ಣಿಗೆ ಆದದ್ದನ್ನು ಮೊದಲ ಸಲ ಯಾರೋ ಬರೆದಿಡುತ್ತಿದ್ದರು.

ಮಾವ ಬಾಗಿಲ ಕಡೆ, ನಾನಿರಬೇಕೆಂದು ಅವನು ಅಂದುಕೊಂಡ ಕಡೆಗೆ, ಮುಖ ತಿರುಗಿಸಿ ನಕ್ಕ. "ಎಲ್ಲಾ ಸರಿ ಹೇಳ್ದೆ ಅಲ್ವೇನೆ?"